ಅಮ್ಮಿಯ ಉರ್ದು ತಪ್ಪಲ್ಲ

ಚಾಮರಾಜಪೇಟೆಯ ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ‘ಕಿತಾಬಾಂ’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಹೊಡೆದು ‘ಕಿತಾಬೇಂ’ ಎಂದು ತಿದ್ದಿದೆ. “ಅಮ್ಮಿ ಹೀಗೇ ಹೇಳ್ತಾರೆ ಹಜ್ರತ್” ಎಂದಳು. “ನಿಮ್ಮ ಅಮ್ಮಿಯ ಉರ್ದು ಅಷ್ಟಕ್ಕಷ್ಟೇ” ಎಂದುಬಿಟ್ಟೆ. ಅಂದಿನಿಂದ ಆ ತಾಯಿ ಗೇಟಿನ ಬಳಿ ಸಲಾಂ ಹೇಳಿ ಸುಮ್ಮನೆ ಹೊರಟುಬಿಡುತ್ತಿದ್ದರು.

ಪ್ರಿಯ ಓದುಗರೇ, ತಪ್ಪಿದ್ದು ನಾನು. ಲಾಹೋರಿನ ಪಂಜಾಬಿಯನ್ನೋ ಅಮೃತಸರದ ಸಿಖ್ಖನನ್ನೋ ಕೇಳಿ ನೋಡಿ. ಅವರೂ ‘ಕಿತಾಬಾಂ’ ಎಂದೇ ಹೇಳುತ್ತಾರೆ. ಇಂಥ ಹೋಲಿಕೆಗಳನ್ನು ಹಿಡಿದೇ ಹಾಫಿಜ್ ಮಹಮೂದ್ ಶೀರಾನಿಯವರು 1928ರಲ್ಲಿ ‘ಪಂಜಾಬ್ ಮೇಂ ಉರ್ದು’ ಬರೆದು, ಉರ್ದುವಿನ ತವರು ಪಂಜಾಬ್ ಎಂದು ವಾದಿಸಿದರು. ಮಸೂದ್ ಹುಸೇನ್ ಖಾನ್ ಒಪ್ಪಲಿಲ್ಲ. ದೆಹಲಿಯ ಸುತ್ತಲಿನ ಆಡುಮಾತು, ಹರಿಯಾಣದ ಮಾತುಗಳತ್ತ ಬೆರಳು ತೋರಿಸಿದರು. ವಿದ್ವಾಂಸರ ಜಗಳ ಅವರಿಗಿರಲಿ. 14ನೇ ಶತಮಾನದಲ್ಲಿ ಸೈನಿಕರು, ಸೂಫಿಗಳು, ವ್ಯಾಪಾರಿಗಳೊಂದಿಗೆ ದಖ್ಖನಿಗೆ ಬಂದ ಮಾತು ಇದು. ದೆಹಲಿಯವರು ಕೈಬಿಟ್ಟ ಹಳೆಯ ರೂಪ ನಮ್ಮ ಅಡುಗೆಮನೆಗಳಲ್ಲಿ ಉಳಿದಿದೆ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲೇ, ನಿಜಾಮಿ ಎಂಬ ಕವಿ ‘ಕದಮ್ ರಾವ್ ಪದಮ್ ರಾವ್’ ಮಸ್ನವಿಯನ್ನು ಈ ದಖ್ನಿಯಲ್ಲಿ ಬರೆದ. ಉತ್ತರದ ಗಝಲ್‌ಗಳು ಹೆಸರು ಮಾಡಿದ್ದು ಆಮೇಲೆ.

ಇನ್ನು ಇಲ್ಲಿಗೆ ಬಂದ ಮೇಲಿನ ಕಥೆ. ಮಾರ್ಕೆಟ್ಟಿನಲ್ಲಿ ಯಾರಾದರೂ “ಉನೆ ಕಲ್ ಆತುಂ ಬೋಲ್ಕೆ ಬೋಲ್ಯಾ” ಎಂದರೆ ಕಿವಿಗೊಟ್ಟು ಕೇಳಿ. ಪುಸ್ತಕದ ಉರ್ದುವಿನಲ್ಲಿ “ಉಸ್ನೆ ಕಹಾ ಕಿ...” ಎಂದು ಮೊದಲು ‘ಹೇಳಿದ’ ಬರುತ್ತದೆ, ಹೇಳಿದ ಮಾತು ಆಮೇಲೆ. ನಮ್ಮಲ್ಲಿ ತಿರುವುಮುರುವು. “ಅವನು ನಾಳೆ ಬರ್ತೀನಿ ಅಂತ ಹೇಳಿದ” ಎಂಬ ಕನ್ನಡ ವಾಕ್ಯವನ್ನು ಪಕ್ಕದಲ್ಲಿಟ್ಟುಕೊಳ್ಳಿ: ನಮ್ಮ ‘ಬೋಲ್ಕೆ’ ಕೂತಿರುವುದು ‘ಅಂತ’ ಕೂತ ಜಾಗದಲ್ಲೇ! ತೆಲುಗಿನ ‘ಅನಿ’ಯೂ ಹಾಗೆಯೇ. ‘ನಕ್ಕೊ’ ಮರಾಠಿಯವರದು. ಕನ್ನಡವೂ ಬರಿಗೈಯಲ್ಲಿ ಉಳಿಯಲಿಲ್ಲ; ರೈತ, ತಾರೀಖು, ಬಾಕಿ, ಕುರ್ಚಿ, ವಕೀಲ ಎಲ್ಲವೂ ಅರಬಿ-ಪಾರಸಿಯಿಂದ ಬಂದು ಇಲ್ಲಿಯವೇ ಆಗಿಹೋದವು.

ಪರೀಕ್ಷೆಯಲ್ಲಿ ಮಾತ್ರ ‘ಕಿತಾಬೇಂ’ ಎಂದೇ ಬರೆಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಈಗ ನಾನು ಮಕ್ಕಳ ‘ಕಿತಾಬಾಂ’ ಮೇಲೆ ಗೆರೆ ಎಳೆಯುವುದಿಲ್ಲ. ಪಕ್ಕದಲ್ಲಿ ‘ಇದು ದಖ್ನಿ’ ಎಂದು ಬರೆದು, ಕೆಳಗೆ ಪುಸ್ತಕದ ರೂಪ ಕೊಡುತ್ತೇನೆ. ಆ ಹುಡುಗಿಯ ಅಮ್ಮಿಯ ಬಳಿ ಗೇಟಿನಲ್ಲಿ ನಿಂತು ಮಾಫಿ ಕೇಳಿದೆ. ಅವರು ನಕ್ಕು, “ಜಾನೇ ದ್ಯೋ ಹಜ್ರತ್” ಎಂದರು.