ಬ್ಯಾಕಪ್ ಇದೆ ಅಂದುಕೊಂಡಿದ್ದರು

2017ರ ಜನವರಿ 31ರ ರಾತ್ರಿ. ಪ್ರೋಗ್ರಾಮರುಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ತಾಣದಲ್ಲಿ, ಮುಖ್ಯ ಡೇಟಾಬೇಸಿನ ನಕಲು ಹೊತ್ತ ಎರಡನೇ ಸರ್ವರ್ ಹಿಂದೆ ಬಿದ್ದಿತ್ತು. ಅದರ ಫೋಲ್ಡರ್ ಖಾಲಿ ಮಾಡಿ ಹೊಸದಾಗಿ ನಕಲು ತೆಗೆಯೋಣವೆಂದು ಎಂಜಿನಿಯರ್ ಒಬ್ಬರು ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಯಿತು, ತಾವಿರುವುದು ಮುಖ್ಯ ಸರ್ವರಿನಲ್ಲಿ. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ.

ಬ್ಯಾಕಪ್ ಇಡುವ ಜಾಗ ತೆರೆದರೆ, ಅಲ್ಲಿ ಏನೂ ಇಲ್ಲ. ಸರ್ವರಿನಲ್ಲಿದ್ದದ್ದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 9.6 ಆವೃತ್ತಿ, ದಿನಾ ಡಂಪ್ ಎಂಬ ಬ್ಯಾಕಪ್ ತೆಗೆಯಬೇಕಿದ್ದ ಪಿಜಿ-ಡಂಪ್ ಸಾಧನ 9.2ರದ್ದು. ತನಗಿಂತ ಹೊಸ ಸರ್ವರಿನಿಂದ ಡಂಪ್ ತೆಗೆಯಲು ಅದು ಒಪ್ಪುವುದಿಲ್ಲ, ದೋಷ ತೋರಿಸಿ ನಿಂತುಬಿಡುತ್ತದೆ. ಎಚ್ಚರಿಸಲು ಹೊರಟ ಇಮೇಲ್‌ಗಳೂ, ಕಳಿಸಿದವರ ಗುರುತು ದೃಢಪಡಲಿಲ್ಲವೆಂದು ತಿರಸ್ಕೃತವಾಗಿ, ಯಾರ ಕೈಗೂ ಸೇರಿರಲಿಲ್ಲ.

ಡಂಪ್ ಇದ್ದಿದ್ದರೆ ಅದರಿಂದ ಎಲ್ಲವನ್ನೂ ಮರಳಿ ತುಂಬಬಹುದಿತ್ತು. ಡಂಪ್ ಎಂದರೆ ಡೇಟಾಬೇಸನ್ನು ಬುನಾದಿಯಿಂದ ಮತ್ತೆ ಕಟ್ಟುವ ಸೂಚನೆಗಳು. ಕ್ರಿಯೇಟ್‌ಡಿಬಿ ಎಂದು ಟೈಪಿಸಿ ಖಾಲಿ ಡೇಟಾಬೇಸ್ ಮಾಡಿಕೊಂಡು, ಮರಳಿ ತುಂಬುವ ಸಾಧನವಾದ ಪಿಜಿ-ರಿಸ್ಟೋರ್‌ಗೆ ಅದರ ಹೆಸರನ್ನೂ ಡಂಪ್ ಫೈಲಿನ ಹೆಸರನ್ನೂ ಕೊಡಬೇಕು. ಅದು ಮೊದಲು ಟೇಬಲ್‌ಗಳನ್ನು ಕಟ್ಟಿ, ಆಮೇಲೆ ಸಾಲುಗಳನ್ನು ತುಂಬುತ್ತದೆ. ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ಇಂಡೆಕ್ಸ್‌ಗಳ ಸರದಿ ಕೊನೆಗೆ. ಈ ಕ್ರಮ ನನಗೆ ಬಹಳ ಇಷ್ಟ. ಪುಸ್ತಕ ಬರೆಯುವವರು ಒಂದೊಂದು ಪುಟಕ್ಕೂ ಪದಸೂಚಿ ತಿದ್ದುತ್ತ ಕೂತರೆ ಪುಸ್ತಕ ಮುಗಿಯುವುದು ಯಾವಾಗ? ಪುಟಗಳೆಲ್ಲ ಆದಮೇಲೆ ಒಂದೇ ಸಲ ಮಾಡಿದರೆ ಕೆಲಸ ಹಗುರ. ಟೇಬಲ್‌ಗಳ ನಡುವಿನ ನಂಟು ಬೆಸೆಯುವುದೂ ಕೊನೆಗೇ, ಹಾಗಾಗಿ ಗ್ರಾಹಕರ ಹೆಸರಿಗಿಂತ ಮೊದಲು ಅವರ ಆರ್ಡರ್ ಬಂದು ಕೂತರೂ ತಕರಾರಿಲ್ಲ. ದೊಡ್ಡ ಇಂಡೆಕ್ಸ್ ಕಟ್ಟುವಾಗ ಪರದೆ ಬಹಳ ಹೊತ್ತು ಸುಮ್ಮನಿರುತ್ತದೆ, ಕರ್ಸರ್ ಮಾತ್ರ ಮಿನುಗುತ್ತಿರುತ್ತದೆ. ಕೆಟ್ಟು ನಿಂತಿತೆಂದು ಆಗ ಕಂಟ್ರೋಲ್-ಸಿ ಒತ್ತಬೇಡಿ.

ಡಂಪ್ ಇಲ್ಲದ ಗಿಟ್‌ಲ್ಯಾಬನ್ನು ಉಳಿಸಿದ್ದು ಬೇರೆ ಕೆಲಸಕ್ಕೆಂದು, ಅಳಿಸುವುದಕ್ಕೆ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಕ್ಷಣದ ಪ್ರತಿ. ಅದು ಇದ್ದದ್ದು ನಿಧಾನದ ಡಿಸ್ಕಿನಲ್ಲಿ. ನಕಲು ಮಾಡಲು ಸುಮಾರು 18 ಗಂಟೆ ಬೇಕಾಯಿತು. ಆ ಹೊತ್ತಿನ ಕೆಲಸವನ್ನು ಅವರು ಯೂಟ್ಯೂಬಿನಲ್ಲಿ ನೇರ ತೋರಿಸಿದರು, ನಡೆದ ತಪ್ಪನ್ನೆಲ್ಲ ಬರೆದು ಪ್ರಕಟಿಸಿದರು. ನಡುವಿನ ಆರು ಗಂಟೆಗಳ ದಾಖಲೆ ಮಾತ್ರ ಹೋದದ್ದು ಹೋಯಿತು: ಸುಮಾರು 5,000 ಪ್ರಾಜೆಕ್ಟ್, ಅಷ್ಟೇ ಕಾಮೆಂಟ್, 700 ಬಳಕೆದಾರರ ಖಾತೆ.

ಆ ವರದಿ ಓದಿದ ಮೇಲೆ ನಾನು ತಿಂಗಳಿಗೊಮ್ಮೆ ಹೊಸ ಡಂಪನ್ನು ಬೇರೊಂದು ಯಂತ್ರದಲ್ಲಿ ರಿಸ್ಟೋರ್ ಮಾಡುತ್ತೇನೆ. ದೊಡ್ಡ ಟೇಬಲಿನ ಸಾಲು ಎಣಿಸಿ, ಕೊನೆಯ ದಾಖಲೆಯ ತಾರೀಖು ನೋಡಿ, ಎಷ್ಟು ನಿಮಿಷ ಹಿಡಿಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.