ಗಣಕಯಂತ್ರದ ಎರಡು ಹಗೇವುಗಳು

ಬೆಳೆಯುವುದು ಒಂದು ವಿದ್ಯೆ. ಬೆಳೆದುದನ್ನು ಕಾಪಾಡಿಕೊಳ್ಳುವುದು ಇನ್ನೊಂದು ವಿದ್ಯೆ. ಗದಗಿನ ಸುತ್ತಲಿನ ಬಯಲುಸೀಮೆಯ ರೈತರು ಈ ಎರಡನೆಯ ವಿದ್ಯೆಯನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಸುಗ್ಗಿಯಲ್ಲಿ ಕೈಗೆ ಬಂದ ಜೋಳವನ್ನು ಅವರು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಎಂದರೆ ಗಟ್ಟಿ ನೆಲದಲ್ಲಿ ತೋಡಿದ ಕಣಜ. ಅದರ ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಮೈಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮಳೆ ಕೈಕೊಟ್ಟ ವರ್ಷದಲ್ಲಿಯೂ ಮನೆಗೆ ರೊಟ್ಟಿಯಿರುತ್ತಿತ್ತು. ಆದರೆ ಉಣ್ಣುವ ಜೋಳ ಎಷ್ಟೇ ಇರಲಿ, ಬಿತ್ತುವ ಬೀಜವನ್ನು ಅದರೊಡನೆ ಬೆರೆಸುತ್ತಿರಲಿಲ್ಲ. ಬೂದಿಯನ್ನೋ ಬೇವಿನ ಎಲೆಯನ್ನೋ ಕೂಡಿಸಿ ಅದನ್ನು ಬೇರೆಯಾಗಿಯೇ ಇಡುತ್ತಿದ್ದರು. ಉಣ್ಣುವ ಕಾಳು ತೀರಿದರೆ ಕಡ ತರಬಹುದು. ಬೀಜ ಕೆಟ್ಟರೆ ಮುಂದಿನ ವರ್ಷವೇ ಕೆಟ್ಟಂತೆ.

ಇಂದು ನಮ್ಮ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಇನ್ನೊಂದು ಬಗೆಯ ಹಗೇವು ಇದೆ. ಅದು ಗಣಕಯಂತ್ರದ ಒಳಗಿರುವ ಹಾರ್ಡ್ ಡಿಸ್ಕು. ಇಲ್ಲಿ ಕೂಡಿಡುವುದು ಕಾಳನ್ನಲ್ಲ, ಮಾಹಿತಿಯನ್ನು. ಉಕ್ಕಿನಂತಹ ಲೋಹದ ಪೆಟ್ಟಿಗೆಯೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಕಾಂತಗುಣವುಳ್ಳ ತೆಳುವಾದ ಲೇಪನವಿರುತ್ತದೆ. ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ ೭,೨೦೦ ಬಾರಿ, ಎಂದರೆ ಒಂದು ಸೆಕೆಂಡಿಗೆ ೧೨೦ ಬಾರಿ ತಿರುಗುತ್ತವೆ. ತಲೆಗೂದಲಿಗಿಂತಲೂ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ಅವುಗಳ ಮೇಲೆ ತೇಲುತ್ತ, ಒಂದು ಪುಟ್ಟ ಸೂಜಿಯಂತಹ ಸಾಧನವು ಕಾಂತದ ಗುರುತುಗಳನ್ನು ಬರೆಯುತ್ತದೆ, ಓದುತ್ತದೆ.

ಇಂತಹ ಸಾಧನವನ್ನು ಮೊತ್ತಮೊದಲು ೧೯೫೬ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ಹೊರತಂದಿತು. ಅದರಲ್ಲಿ ಎರಡು ಅಡಿ ಅಗಲದ ೫೦ ತಟ್ಟೆಗಳಿದ್ದವು. ಅಲಮಾರಿಗಿಂತಲೂ ದೊಡ್ಡದಾಗಿದ್ದ ಆ ಯಂತ್ರ ಹಿಡಿಯುತ್ತಿದ್ದುದು ಸುಮಾರು ೫೦ ಲಕ್ಷ ರೋಮನ್ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಲ್ಲಿ ಹಿಡಿಸುವ ಡಿಸ್ಕು ಅದರ ಲಕ್ಷಪಟ್ಟು ಮಾಹಿತಿಯನ್ನು ಹೊರಬಲ್ಲದು.

ಕಾಳನ್ನು ಸೇರು, ಪಾವುಗಳಿಂದ ಅಳೆದಂತೆ ಮಾಹಿತಿಯನ್ನು ಬೈಟುಗಳಿಂದ ಅಳೆಯುತ್ತಾರೆ. ಸುಮಾರು ಹತ್ತು ಲಕ್ಷ ಬೈಟುಗಳು ಸೇರಿದರೆ ಒಂದು ಮೆಗಾಬೈಟು. ಸಾವಿರ ಮೆಗಾಬೈಟುಗಳು ಸೇರಿದರೆ ಒಂದು ಗಿಗಾಬೈಟು. ಇಂದು ಬಳಕೆಯಲ್ಲಿರುವ ಯೂನಿಕೋಡ್ ಸಂಕೇತ ಪದ್ಧತಿಯಂತೆ ಬರೆದಾಗ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ ೩ ಬೈಟುಗಳು ಬೇಕು. ಗದಗಿನ ಸಮೀಪದಲ್ಲಿರುವ, ಮೃಗಾಲಯದಿಂದ ಹೆಸರಾದ ಊರು ಬಿಂಕದಕಟ್ಟಿ. ಈ ಹೆಸರನ್ನು ಬಿಡಿಸಿ ನೋಡಿರಿ: ಬ, ಗುಡಿಸು, ಸೊನ್ನೆ, ಕ, ದ, ಕ, ಟ, ಒತ್ತನ್ನು ಸೂಚಿಸುವ ಗುರುತು, ಮತ್ತೆ ಟ, ಮತ್ತೆ ಗುಡಿಸು. ಒಟ್ಟು ೧೦ ಚಿಹ್ನೆಗಳು, ೩೦ ಬೈಟುಗಳು.

ಇದೇ ಲೆಕ್ಕವನ್ನು ಮುಂದುವರಿಸೋಣ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ರಚಿಸಿದನೆಂದು ಪ್ರಸಿದ್ಧವಾದ ಭಾರತದಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಷಟ್ಪದಿಗಳಿವೆ. ಒಂದು ಷಟ್ಪದಿಗೆ ಸುಮಾರು ೫೦೦ ಬೈಟುಗಳೆಂದು ಎಣಿಸಿದರೂ ಇಡೀ ಮಹಾಕಾವ್ಯಕ್ಕೆ ನಾಲ್ಕು ಮೆಗಾಬೈಟಿನ ಆಸುಪಾಸು ಸಾಕು. ೧೯೫೬ರ ಆ ದೈತ್ಯ ಯಂತ್ರವು ಈ ಒಂದು ಕಾವ್ಯದಿಂದಲೇ ತುಂಬಿಹೋಗುತ್ತಿತ್ತು. ಇಂದಾದರೋ ಕೈಫೋನಿನಿಂದ ತೆಗೆದ ಒಂದೇ ಒಂದು ಛಾಯಾಚಿತ್ರ ಅಷ್ಟು ಜಾಗವನ್ನು ಬೇಡುತ್ತದೆ. ಒಂದು ನಿಮಿಷದ ಚಲನಚಿತ್ರಕ್ಕೆ ನೂರು ಮೆಗಾಬೈಟಾದರೂ ಬೇಕಾಗಬಹುದು. ಜಾಗವನ್ನು ನುಂಗುವುದು ಬರಹವಲ್ಲ, ಚಿತ್ರ ಮತ್ತು ಧ್ವನಿ ಎಂಬುದನ್ನು ಇದರಿಂದ ತಿಳಿಯಬಹುದು.

ಈ ಶತಮಾನದ ಮೊದಲ ವರ್ಷಗಳಿಂದ ‘ಮಾಹಿತಿ ಸಿಂಧು’ವಿನಂತಹ ಯೋಜನೆಗಳ ಮೂಲಕ ಕರ್ನಾಟಕದ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಆ ಕಾಲದ ಯಂತ್ರಗಳಲ್ಲಿ ೪೦ ಗಿಗಾಬೈಟಿನ ಡಿಸ್ಕು ಸಾಮಾನ್ಯವಾಗಿತ್ತು. ತಯಾರಕರ ಲೆಕ್ಕದಲ್ಲಿ ೪೦ ಗಿಗಾಬೈಟು ಎಂದರೆ ೪,೦೦೦ ಕೋಟಿ ಬೈಟು. ಆದರೆ ವಿಂಡೋಸ್ ವ್ಯವಸ್ಥೆಯು ಸಾವಿರಕ್ಕೆ ಬದಲಾಗಿ ೧,೦೨೪ರಿಂದ ಭಾಗಿಸುವುದರಿಂದ ತೆರೆಯ ಮೇಲೆ ೩೭ ಎಂದೇ ಕಾಣುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಅಳೆಯುವ ಸೇರು ಬೇರೆ, ಅಷ್ಟೆ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನಗಾಗಿ ಕೇಳಿದ ಜಾಗ ಸುಮಾರು ಒಂದೂವರೆ ಗಿಗಾಬೈಟು. ೨೦೦೯ರ ವಿಂಡೋಸ್ ೭ ಕನಿಷ್ಠ ೧೬ ಗಿಗಾಬೈಟು ಕೇಳಿತು. ಯಂತ್ರ ಹಳೆಯದಾಗುತ್ತ ಹೋದಂತೆ ಅದರ ಮೇಲಿನ ಹೊರೆ ಬೆಳೆಯುತ್ತಲೇ ಹೋಯಿತು. ಆದಕಾರಣ ಅನೇಕರು ಅದೇ ಪೆಟ್ಟಿಗೆಯೊಳಗೆ ಇನ್ನೊಂದು ದೊಡ್ಡ ಡಿಸ್ಕನ್ನು ಕೂಡಿಸಿದರು.

ಇಲ್ಲಿ ಒಂದು ವಿಚಿತ್ರವನ್ನು ಕಾಣುತ್ತೇವೆ. ಎರಡನೆಯ ಡಿಸ್ಕು ಬರಿದಾಗಿದ್ದರೂ ಮೊದಲನೆಯದು ‘ಜಾಗವಿಲ್ಲ’ ಎಂದು ದೂರುತ್ತಲೇ ಇರುತ್ತದೆ. ಏಕೆಂದರೆ ಯಂತ್ರವು ನಾವು ಹೇಳದ ಹೊರತು ಎಲ್ಲವನ್ನೂ ‘ಸಿ’ ಎಂಬ ಮೊದಲ ಡಿಸ್ಕಿನಲ್ಲಿಯೇ ಇಡುತ್ತದೆ. ‘ಎ’, ‘ಬಿ’ ಎಂಬ ಹೆಸರುಗಳು ಹಿಂದೆ ಫ್ಲಾಪಿಗಳಿಗೆ ಮೀಸಲಾಗಿದ್ದುದರಿಂದ ಹಾರ್ಡ್ ಡಿಸ್ಕಿನ ಎಣಿಕೆ ‘ಸಿ’ಯಿಂದ ಮೊದಲಾಗುತ್ತದೆ. ಒಂದು ಹಗೇವು ತುಂಬಿ ತುಳುಕುತ್ತಿದ್ದರೆ ಕಾಳು ತಾನಾಗಿ ನಡೆದು ಪಕ್ಕದ ಹಗೇವಿಗೆ ಹೋಗುವುದಿಲ್ಲ. ಹೊರುವ ಕೆಲಸ ಒಡೆಯನದು.

ಹೊರುವ ಮೊದಲು ವಿಂಗಡಿಸಬೇಕು. ಡಿಸ್ಕಿನಲ್ಲಿರುವುದು ಮೂರು ಬಗೆ. ಮೊದಲನೆಯದು ಕಸ. ತಂತ್ರಾಂಶಗಳು ತಾತ್ಕಾಲಿಕವಾಗಿ ಬರೆದು ಮರೆತ ಕಡತಗಳು ಈ ಗುಂಪಿಗೆ ಸೇರುತ್ತವೆ. ನಾವು ಅಳಿಸಿದ ಕಡತವೂ ಕೂಡಲೇ ಹೋಗುವುದಿಲ್ಲ. ಅದೇ ಡಿಸ್ಕಿನ ಕಸದ ಬುಟ್ಟಿಯಲ್ಲಿ ಕುಳಿತು ಮೊದಲಿನಷ್ಟೇ ಜಾಗವನ್ನು ಹಿಡಿದಿರುತ್ತದೆ. ಬುಟ್ಟಿಯನ್ನು ಒಮ್ಮೆ ನೋಡಿ ಬರಿದು ಮಾಡಿದಾಗಲೇ ಜಾಗ ತೆರವಾಗುತ್ತದೆ.

ಎರಡನೆಯದು ಯಂತ್ರವನ್ನು ನಡೆಸುವ ವ್ಯವಸ್ಥೆ ಮತ್ತು ತಂತ್ರಾಂಶಗಳು. ಇವುಗಳನ್ನು ಎಳೆದು ಬೇರೆಡೆಗೆ ಹಾಕಬಾರದು. ಪ್ರತಿಯೊಂದು ತಂತ್ರಾಂಶದ ನೆಲೆಯನ್ನೂ ಯಂತ್ರವು ತನ್ನ ದಫ್ತರಿನಲ್ಲಿ ಬರೆದುಕೊಂಡಿರುತ್ತದೆ. ನೆಲೆ ತಪ್ಪಿದರೆ ತಂತ್ರಾಂಶ ಓಡದು. ಬೇರೂರಿದ ಮರವನ್ನು ಕಿತ್ತು ನೆಡಲಾಗದು. ಬೇಕಾದರೆ ತೆಗೆದುಹಾಕಿ, ಎರಡನೆಯ ಡಿಸ್ಕಿನಲ್ಲಿ ಹೊಸದಾಗಿ ಸ್ಥಾಪಿಸಬೇಕು.

ಮೂರನೆಯದು ನಮ್ಮ ಸ್ವಂತ ಕಡತಗಳು: ಬರಹ, ಚಿತ್ರ, ಧ್ವನಿ. ಇವು ಧಾನ್ಯವಿದ್ದಂತೆ, ಎಲ್ಲಿಟ್ಟರೂ ಅವೇ. ಎರಡನೆಯ ಡಿಸ್ಕಿಗೆ ಸಾಗಿಸತಕ್ಕವು ಇವೇ. ಸಾಗಿಸುವಾಗ ಒಂದು ಎಚ್ಚರಿಕೆ ಬೇಕು. ಒಂದೇ ಡಿಸ್ಕಿನೊಳಗೆ ಕಡತವನ್ನು ಸರಿಸಿದರೆ ಅದರ ವಿಳಾಸವಷ್ಟೇ ಬದಲಾಗುತ್ತದೆ. ಡಿಸ್ಕಿನಿಂದ ಡಿಸ್ಕಿಗೆ ಸಾಗಿಸಿದರೆ ಯಂತ್ರವು ಮೊದಲು ಪ್ರತಿ ಮಾಡಿ, ಅನಂತರ ಮೂಲವನ್ನು ಅಳಿಸುತ್ತದೆ. ನಡುವೆ ವಿದ್ಯುತ್ತು ಹೋದರೆ ಅಪಾಯವುಂಟು. ಆದ್ದರಿಂದ ನಾವೇ ಪ್ರತಿ ಮಾಡಿ, ಅದನ್ನು ತೆರೆದು ನೋಡಿ, ಸರಿಯಿದೆಯೆಂದು ಖಚಿತವಾದ ಮೇಲೆ ಮೂಲವನ್ನು ಅಳಿಸುವುದು ಲೇಸು. ಮುಂದೆ ಬರುವ ಕಡತಗಳು ನೇರವಾಗಿ ಎರಡನೆಯ ಡಿಸ್ಕಿಗೇ ಸೇರುವಂತೆ ‘ಡಾಕ್ಯುಮೆಂಟ್ಸ್’ ಕೋಶದ ನೆಲೆಯನ್ನೂ ಬದಲಾಯಿಸಬಹುದು.

ಮೊದಲ ಡಿಸ್ಕನ್ನು ಎಂದಿಗೂ ಕಂಠದವರೆಗೆ ತುಂಬಬಾರದು. ಏಳರಲ್ಲಿ ಒಂದು ಪಾಲಿನಷ್ಟಾದರೂ ಬರಿದಾಗಿರುವುದು ಒಳ್ಳೆಯದು. ಜಾಗ ಕಿರಿದಾದಾಗ ಒಂದೇ ಕಡತ ತುಂಡು ತುಂಡಾಗಿ ಹಲವೆಡೆ ಹಂಚಿಹೋಗುತ್ತದೆ. ಆ ತುಂಡುಗಳನ್ನು ಹುಡುಕಿ ಕೂಡಿಸುವುದರಲ್ಲಿ ಯಂತ್ರ ದಣಿಯುತ್ತದೆ.

ಇಷ್ಟರಿಂದ ಜಾಗದ ಸಮಸ್ಯೆ ತೀರಿತು. ಆದರೆ ಜಾಗಕ್ಕಿಂತಲೂ ದೊಡ್ಡ ಪ್ರಶ್ನೆಯೊಂದು ಉಳಿದಿದೆ. ಹಾರ್ಡ್ ಡಿಸ್ಕು ತಿರುಗುವ ಯಂತ್ರ. ತಿರುಗುವುದೆಲ್ಲವೂ ಒಂದು ದಿನ ನಿಲ್ಲತಕ್ಕದ್ದೇ. ಟಕಟಕ ಸದ್ದು ಕೇಳಿಬಂದರೆ ಅದು ಕೊನೆಯ ಎಚ್ಚರಿಕೆಯಾಗಿರಬಹುದು; ಸದ್ದೇ ಇಲ್ಲದೆ ನಿಲ್ಲುವುದೂ ಉಂಟು. ಆಗ ಅದರೊಳಗಿನ ತಂತ್ರಾಂಶಗಳನ್ನು ಮತ್ತೆ ತರಬಹುದು, ಚಲನಚಿತ್ರಗಳನ್ನು ಮತ್ತೆ ಪಡೆಯಬಹುದು. ಮುದ್ರಿತವಾದ ಗದುಗಿನ ಭಾರತವು ನಾಡಿನ ನೂರಾರು ಗ್ರಂಥಾಲಯಗಳಲ್ಲಿದೆ. ಆದರೆ ಊರಿನ ಹಿರಿಯಳೊಬ್ಬಳು ಹಾಡಿದ ಬೀಸುವ ಕಲ್ಲಿನ ಪದವನ್ನು ಯಾರೋ ಒಬ್ಬರು ಧ್ವನಿಮುದ್ರಿಸಿದ್ದರೆ, ಆಕೆ ತೀರಿಕೊಂಡಿದ್ದರೆ, ಅದನ್ನು ಮತ್ತೆ ಎಲ್ಲಿಂದ ತರುವುದು? ಉತ್ತಮ ಗುಣಮಟ್ಟದ ಒಂದು ಗಂಟೆಯ ಧ್ವನಿಗೆ ಬೇಕಾಗುವುದು ಸುಮಾರು ೬೩೫ ಮೆಗಾಬೈಟು. ಸಂಕ್ಷೇಪಿಸಿದರೆ ೬೦ ಮೆಗಾಬೈಟಿಗೂ ಕಡಿಮೆ. ಬಿತ್ತನೆಯ ಬೀಜವೆಂದರೆ ಇದೇ.

ಇಂತಹ ಕಡತ ಎರಡೂ ಡಿಸ್ಕುಗಳಲ್ಲಿ ಒಂದೊಂದು ಪ್ರತಿಯಾಗಿ ಇರಲೇಬೇಕು. ಇಲ್ಲಿ ಹಲವರು ಎಡವುತ್ತಾರೆ. ತೆರೆಯ ಮೇಲೆ ‘ಸಿ’ ಮತ್ತು ‘ಡಿ’ ಎಂದು ಎರಡು ಹೆಸರು ಕಂಡ ಮಾತ್ರಕ್ಕೆ ಒಳಗೆ ಎರಡು ಡಿಸ್ಕುಗಳಿವೆಯೆಂದು ತಿಳಿಯಬಾರದು. ಒಂದೇ ಡಿಸ್ಕನ್ನು ಎರಡು ಭಾಗ ಮಾಡಿ ಎರಡು ಹೆಸರು ಕೊಟ್ಟಿರಬಹುದು. ಒಂದೇ ಹಗೇವಿನ ನಡುವೆ ಗೋಡೆ ಕಟ್ಟಿದರೆ ಎರಡು ಹಗೇವುಗಳಾಗುವುದಿಲ್ಲ. ನೀರು ನುಗ್ಗಿದ ದಿನ ಎರಡು ಕಡೆಯ ಕಾಳೂ ಮುಗ್ಗುತ್ತದೆ. ನಿಜವಾಗಿ ಎರಡು ಡಿಸ್ಕುಗಳಿದ್ದರೂ ಅವು ಒಂದೇ ಪೆಟ್ಟಿಗೆಯಲ್ಲಿ, ಒಂದೇ ವಿದ್ಯುತ್ ತಂತಿಗೆ ಜೋಡಿಸಲ್ಪಟ್ಟಿರುತ್ತವೆ. ಸಿಡಿಲಿನಿಂದಲೋ ವಿದ್ಯುತ್ತಿನ ಏರಿಳಿತದಿಂದಲೋ ಎರಡೂ ಒಮ್ಮೆಗೇ ಸುಡಬಹುದು. ಆದುದರಿಂದ ಮೂರನೆಯ ಪ್ರತಿಯೊಂದು ಪೆಟ್ಟಿಗೆಯ ಹೊರಗೆ, ಸಾಧ್ಯವಾದರೆ ಬೇರೆ ಮನೆಯಲ್ಲಿ, ಇರಬೇಕು.

ಡಿಸ್ಕಿನ ಜಾಗ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತ ಬಂದಿದೆ. ಆದರೆ ಯಾವುದು ಕಸ, ಯಾವುದು ಕಾಳು, ಯಾವುದು ಬೀಜ ಎಂಬ ವಿವೇಕವನ್ನು ಯಾವ ಯಂತ್ರವೂ ಮಾರುವುದಿಲ್ಲ. ಯಂತ್ರಕ್ಕೆ ಎಲ್ಲವೂ ಬೈಟುಗಳೇ. ಅವುಗಳಲ್ಲಿ ಅಜ್ಜಿಯ ದನಿ ಯಾವುದೆಂಬುದನ್ನು ನಾವೇ ಗುರುತಿಸಬೇಕು, ನಾವೇ ಕಾಯಬೇಕು.

ಅಭ್ಯಾಸ

೧. ಹಗೇವಿಗೂ ಹಾರ್ಡ್ ಡಿಸ್ಕಿಗೂ ಇರುವ ಹೋಲಿಕೆಗಳನ್ನು ವಿವರಿಸಿರಿ.
೨. ಎರಡನೆಯ ಡಿಸ್ಕು ಬರಿದಾಗಿದ್ದರೂ ಮೊದಲನೆಯದು ತುಂಬಿಹೋಗುವುದೇಕೆ?
೩. ತಂತ್ರಾಂಶಗಳನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಎಳೆದು ಹಾಕಬಾರದೇಕೆ?
೪. ‘ಒಂದೇ ಹಗೇವಿನ ನಡುವೆ ಗೋಡೆ ಕಟ್ಟಿದರೆ ಎರಡು ಹಗೇವುಗಳಾಗುವುದಿಲ್ಲ.’ ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.
೫. ನಿಮ್ಮ ಊರಿನ ಹೆಸರನ್ನು ಚಿಹ್ನೆಗಳಾಗಿ ಬಿಡಿಸಿ, ಅದಕ್ಕೆ ಎಷ್ಟು ಬೈಟುಗಳು ಬೇಕೆಂದು ಲೆಕ್ಕ ಹಾಕಿರಿ.
೬. ನಿಮ್ಮ ಮನೆಯಲ್ಲಿ ‘ಬಿತ್ತನೆಯ ಬೀಜ’ದಂತೆ ಕಾಪಾಡಬೇಕಾದ ಬರಹ, ಚಿತ್ರ ಅಥವಾ ಧ್ವನಿ ಯಾವುದು? ಹಿರಿಯರನ್ನು ಕೇಳಿ ತಿಳಿದು ಒಂದು ಪುಟದಲ್ಲಿ ಬರೆಯಿರಿ.