ದಕ್ಷಿಣ ಸುಡಾನಿನ ಅಂತಃಕಲಹ ಮತ್ತು ಶಾಂತಿಯ ಸಾಧ್ಯತೆ

ದಕ್ಷಿಣ ಸುಡಾನ್ 2011ನೆಯ ಜುಲೈ 9ರಂದು ಸ್ವತಂತ್ರ ರಾಷ್ಟ್ರವಾಯಿತು. ಅದೇ ವರ್ಷದ ಜನವರಿಯಲ್ಲಿ ನಡೆದ ಜನಮತಗಣನೆಯಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಮತಗಳು ಪ್ರತ್ಯೇಕತೆಯ ಪರವಾಗಿ ಬಿದ್ದಿದ್ದುವು. ಇಂತಹ ಐಕಮತ್ಯದಿಂದ ಜನಿಸಿದ ರಾಷ್ಟ್ರವು ಮೂರು ವರ್ಷ ತುಂಬುವುದರೊಳಗೆ ಅಂತರ್ಯುದ್ಧಕ್ಕೆ ತುತ್ತಾದುದೇಕೆ? ತರುವಾಯ ಆದ ಒಡಂಬಡಿಕೆಗಳು ನೆಲೆ ನಿಲ್ಲದುದೇಕೆ? ಈ ಎರಡು ಪ್ರಶ್ನೆಗಳನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಈ ಕಲಹವು ಡಿಂಕಾ ಮತ್ತು ನುಯೆರ್ ಜನಾಂಗಗಳ ಹಳೆಯ ಹಗೆತನದ ಫಲವೆಂದು ಹೇಳುವುದು ವಾಡಿಕೆ. ಇದು ಅರ್ಧಸತ್ಯ. ಇಬ್ಬರೂ ನೈಲ್ ನದಿಯ ಬಯಲಿನಲ್ಲಿ ದನಗಳನ್ನು ಸಾಕಿ ಬಾಳುವವರು. ಹುಲ್ಲು, ನೀರುಗಳಿಗಾಗಿ ಕಾದಾಟಗಳು ನಡೆಯುತ್ತಿದ್ದುದು ನಿಜ. ಆದರೆ ಅವುಗಳನ್ನು ಮುಗಿಸುವ ಕ್ರಮವೂ ಇದ್ದಿತು. ಕೊಲೆಗೆ ಪ್ರತಿಯಾಗಿ ದನಗಳನ್ನು ತೆರಿಸಿ ಹಗೆ ಆರಿಸುವ, ಚಿರತೆಯ ಚರ್ಮವನ್ನು ಹೊದೆಯುವ ಮಧ್ಯಸ್ಥನನ್ನು ಕುರಿತು ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ನುಯೆರರ ಅಧ್ಯಯನದಲ್ಲಿ ವಿವರಿಸಿದ್ದಾನೆ. ಈಟಿಯ ಸ್ಥಾನದಲ್ಲಿ ಬಂದೂಕವೂ, ಹಿರಿಯರ ಸ್ಥಾನದಲ್ಲಿ ಸೇನಾನಾಯಕರೂ ಬಂದಾಗ ಆ ಕ್ರಮ ದುರ್ಬಲವಾಯಿತು. 1991ರಲ್ಲಿ ರೀಕ್ ಮಚಾರ್ ಅವರು ಜಾನ್ ಗರಾಂಗರ ವಿಮೋಚನಾ ಸೇನೆಯಿಂದ ಒಡೆದುಹೋದರು. ಅದೇ ವರ್ಷ ಬೋರ್ ಪ್ರದೇಶದಲ್ಲಿ ನಡೆದ ಡಿಂಕಾ ಜನರ ಹತ್ಯೆಯ ನೆನಪು ಮುಂದಿನ ಅವಿಶ್ವಾಸಕ್ಕೆಲ್ಲ ಬೀಜವಾಯಿತು.

ಎರಡನೆಯ ಕಾರಣ ಆರ್ಥಿಕವಾದುದು. 2005ರ ಸಮಗ್ರ ಶಾಂತಿ ಒಪ್ಪಂದದ ತರುವಾಯ ತೈಲದ ಹಣ ಜುಬಾ ನಗರಕ್ಕೆ ಹರಿದುಬರತೊಡಗಿತು. ಅದೇ ವರ್ಷ ಗರಾಂಗರು ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದರು. ಉತ್ತರಾಧಿಕಾರಿ ಸಾಲ್ವಾ ಕೀರ್ ಅವರು 2006ರಲ್ಲಿ ಎದುರಾಳಿ ಪಡೆಗಳನ್ನು ಸಂಬಳ, ಪದವಿಗಳ ಮೂಲಕ ಸೇನೆಗೆ ಸೇರಿಸಿಕೊಂಡರು. ರಕ್ತಪಾತವೇನೋ ತಪ್ಪಿತು, ಆದರೆ ಬಂಡೆದ್ದವನಿಗೆ ಪದವಿ ದೊರೆಯುವುದೆಂಬ ಪಾಠವನ್ನೂ ಎಲ್ಲರೂ ಕಲಿತರು. ಸೇನೆಯು ಹೆಸರಿಗೆ ಒಂದಾಗಿ, ನಿಷ್ಠೆಯಲ್ಲಿ ಹಲವಾಗಿ ಉಳಿಯಿತು. 2012ರಲ್ಲಿ ಸಾಗಣೆಯ ಸುಂಕದ ವಿವಾದದಿಂದ ತೈಲೋತ್ಪಾದನೆಯೇ ನಿಂತಾಗ ಹಂಚಲು ಹಣವಿಲ್ಲದಾಯಿತು. 2013ರ ಜುಲೈನಲ್ಲಿ ಮಚಾರರು ಉಪಾಧ್ಯಕ್ಷ ಪದವಿಯಿಂದ ವಜಾ ಆದರು. ಡಿಸೆಂಬರಿನಲ್ಲಿ ಯುದ್ಧ ಹೊತ್ತಿಕೊಂಡಿತು. 2018ರವರೆಗೆ ಅದರಿಂದ ಸತ್ತವರು ಸುಮಾರು 3,80,000 ಮಂದಿಯೆಂದು ಒಂದು ಅಂದಾಜು. ಇವರಲ್ಲಿ ಅರ್ಧದಷ್ಟು ಮಂದಿ ಆಯುಧದಿಂದಲ್ಲ, ರೋಗ ಮತ್ತು ಅನ್ನಾಭಾವದಿಂದ ಅಳಿದವರು.

ಒಡಂಬಡಿಕೆಗಳ ದೌರ್ಬಲ್ಯ ಈಗ ಸ್ಪಷ್ಟವಾಗುತ್ತದೆ. 2015ರ ಒಪ್ಪಂದ 2016ರ ಜುಲೈನಲ್ಲಿ ಜುಬಾದ ಬೀದಿಗಳಲ್ಲಿಯೇ ಮುರಿದುಬಿತ್ತು. 2018ರ ಒಪ್ಪಂದದಂತೆ 2020ರಲ್ಲಿ ಐವರು ಉಪಾಧ್ಯಕ್ಷರುಳ್ಳ ಸರ್ಕಾರ ರಚಿತವಾಯಿತು. ಪದವಿಗಳ ಹಂಚಿಕೆ ಮುಗಿಯಿತು. ಸೇನೆಯ ಏಕೀಕರಣ, ಸಂವಿಧಾನ ರಚನೆಗಳು ಹಿಂದುಳಿದುವು. ಚುನಾವಣೆಯನ್ನು ಮತ್ತೆ ಮತ್ತೆ ಮುಂದೂಡಿ, 2024ರಲ್ಲಿ ಅದನ್ನು 2026ರ ಡಿಸೆಂಬರಿಗೆ ನಿಗದಿ ಮಾಡಲಾಯಿತು. 2025ರ ಮಾರ್ಚಿಯಲ್ಲಿ ಮಚಾರರು ಗೃಹಬಂಧನಕ್ಕೊಳಗಾದರು.

ಹಾಗಾದರೆ ಶಾಂತಿಗೆ ದಾರಿಯೇ ಇಲ್ಲವೆ? 1999ರಲ್ಲಿ ವುನ್ಲಿಟ್ ಎಂಬ ಹಳ್ಳಿಯಲ್ಲಿ ಚರ್ಚುಗಳ ಪ್ರಯತ್ನದಿಂದ ಡಿಂಕಾ ಮತ್ತು ನುಯೆರ್ ಹಿರಿಯರು ಸಭೆ ಸೇರಿದುದನ್ನು ನಾವು ನೆನೆಯಬೇಕು. ಬಿಳಿಯ ಹೋರಿಯನ್ನು ಬಲಿಯಿತ್ತು, ಆದ ಅನ್ಯಾಯಗಳನ್ನು ಪರಸ್ಪರರ ಎದುರಿನಲ್ಲಿಯೇ ಹೇಳಿಕೊಂಡು, ಹುಲ್ಲುಗಾವಲು, ನೀರುಗಳ ಬಳಕೆಯ ವಿಷಯದಲ್ಲಿ ಅವರು ಕೌಲು ಮಾಡಿಕೊಂಡರು. ಆ ಭಾಗದಲ್ಲಿ ಕಾದಾಟ ತಗ್ಗಿತು. ಆದರೆ ಹಳ್ಳಿಯ ಕೌಲು ರಾಜಧಾನಿಯ ಸೇನೆಯನ್ನು ತಡೆಯಲಾರದು. ರಾಜಧಾನಿಯ ಒಪ್ಪಂದ ಹಳ್ಳಿಯ ಹಗೆಯನ್ನು ಆರಿಸಲಾರದು. ತೈಲದ ಆದಾಯದ ಬಹಿರಂಗ ಲೆಕ್ಕ, ಒಂದೇ ಆಜ್ಞೆಗೆ ಒಳಪಟ್ಟ ಸೇನೆ, ನೊಂದವರ ಮಾತಿಗೆ ಎಡೆ ಕೊಡುವ ನ್ಯಾಯಪೀಠ, ಇವು ಮೂರೂ ಕೂಡಿಬಂದಲ್ಲದೆ ಸಹಿ ಹಾಕಿದ ಕಾಗದವು ಕದನವಿರಾಮವಾಗಬಹುದೇ ಹೊರತು ಶಾಂತಿಯಾಗಲಾರದೆಂಬುದು ನಮ್ಮ ಅಭಿಪ್ರಾಯ.